'ಕಪ್ಪಾಗಿದ್ದರೆ ಅಳಿಸು'



ಶಅಬಾನ್ ತಿಂಗಳ ಇಪ್ಪತ್ತೊಂಬತ್ತರ ಸಂಜೆ ನಮ್ಮ ಮನೆಗಳು ಹೇಗಿರುತ್ತವೆ ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ. ಮಗ್ರಿಬ್ ಆಗುತ್ತಲೇ ಮಕ್ಕಳೆಲ್ಲ ತಾರಸಿಗೆ ಓಡುತ್ತಾರೆ. ಚಂದ್ರ ಕಂಡರೆ ಆ ರಾತ್ರಿಯೇ ತರಾವೀಹ್, ನಾಳೆ ಉಪವಾಸ. ಕಾಣದಿದ್ದರೆ ತಿಂಗಳಿಗೆ ಮೂವತ್ತು ದಿನ ತುಂಬಿಸಿ ಆಮೇಲೆ ಉಪವಾಸ. ಮೋಡ ಕವಿದರೂ ಯಾರೂ ಗೊಂದಲದಲ್ಲಿ ಕೂರಬೇಕಾಗಿಲ್ಲ. ಏಕೆಂದರೆ 'ಕಾಣದಿದ್ದರೆ' ಏನು ಮಾಡಬೇಕು ಎಂಬುದನ್ನೂ ಪ್ರವಾದಿವರ್ಯರು(ಸ) ಕಲಿಸಿಕೊಟ್ಟಿದ್ದಾರೆ.

ವುಝೂ ಮಾಡಲು ನೀರು ಸಿಗದಿದ್ದರೆ ತಯಮ್ಮುಮ್. ನಿಂತು ನಮಾಝ್ ಮಾಡಲಾಗದಿದ್ದರೆ ಕುಳಿತು. ಸಂಪತ್ತು ನಿಸಾಬ್ ತಲುಪಿದರೆ, ಮತ್ತು ಅದರ ಮೇಲೆ ಒಂದು ಚಾಂದ್ರಮಾನ ವರ್ಷ ಕಳೆದರೆ, ಝಕಾತ್. ಹೀಗೆ ನೋಡುತ್ತಾ ಹೋದರೆ ನಮ್ಮ ದಿನಚರಿಯ ಅರ್ಧ ಭಾಗ ಈ 'ರೆ' ಎಂಬ ಒಂದಕ್ಷರದ ಮೇಲೆ ನಿಂತಿದೆ. ಹಾಲು ಉಕ್ಕಿದರೆ ಒಲೆ ಆರಿಸು, ಮಳೆ ಬಂದರೆ ಬಟ್ಟೆ ತೆಗೆ ಎಂದು ಮಕ್ಕಳಿಗೆ ದಿನಕ್ಕೆ ಹತ್ತು ಸಲ ಹೇಳುವ ನಮಗೆ, ಕಂಪ್ಯೂಟರಿಗೂ ಹೀಗೆಯೇ ಹೇಳಬೇಕು ಎಂದರೆ ಮಾತ್ರ ಅದೇನೋ ದೊಡ್ಡ ವಿದ್ಯೆ ಎಂಬ ಭಯ.

ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳಿಗೆ ಆರಂಭದಲ್ಲೇ ಎದುರಾಗುವ ಪಾಠ ಇದು. ಇಂಗ್ಲಿಷಿನಲ್ಲಿ ಅದನ್ನು 'ಇಫ್' ಮತ್ತು 'ಎಲ್ಸ್' ಎನ್ನುತ್ತಾರೆ. ನಮ್ಮ ಮಾತಿನಲ್ಲಿ 'ಆದರೆ' ಮತ್ತು 'ಇಲ್ಲವಾದರೆ'. ಕಳೆದ ಬೇಸಿಗೆ ರಜೆಯಲ್ಲಿ ಚಾಮರಾಜಪೇಟೆಯ ನಮ್ಮ ಮನೆಯ ಹಾಲ್‌ನಲ್ಲಿ ನೆರೆಹೊರೆಯ ಆರು ಮಕ್ಕಳಿಗೆ ಇದನ್ನು ಕಲಿಸಲು ಹೋಗಿ, ಅವರಿಗಿಂತ ಹೆಚ್ಚು ನಾನೇ ಕಲಿತೆ. ಅದನ್ನು ಈ ತಿಂಗಳು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಪುಸ್ತಕ ಬಿಟ್ಟು ಫೋಟೋ ಹಿಡಿದದ್ದು

ಮೊದಲ ದಿನ ಪುಸ್ತಕದಲ್ಲಿದ್ದ ಹಾಗೆಯೇ ಪಾಠ ಶುರು ಮಾಡಿದೆ. 'ಅಂಕ 35ಕ್ಕಿಂತ ಕಡಿಮೆಯಾದರೆ ನಪಾಸು ಎಂದು ಬರೆ, ಇಲ್ಲವಾದರೆ ಪಾಸು ಎಂದು ಬರೆ.' ಮಕ್ಕಳು ಬರೆದರು, ಪರದೆಯ ಮೇಲೆ 'ಪಾಸು' ಎಂದು ಬಂತು. ಎಲ್ಲರೂ ಆಕಳಿಸಿದರು. "ಆಪಾ, ಇಷ್ಟು ಹೇಳೋದಕ್ಕೆ ಕಂಪ್ಯೂಟರ್ ಯಾಕೆ ಬೇಕು?" ಎಂದು ಏಳನೇ ತರಗತಿಯ ಹುಡುಗನೊಬ್ಬ ಕೇಳಿಯೇಬಿಟ್ಟ. ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಇದೇ ತೊಂದರೆಯನ್ನು ಅಮೆರಿಕದ ಅಟ್ಲಾಂಟಾ ನಗರದ ಜಾರ್ಜಿಯಾ ಟೆಕ್ ಎಂಬ ವಿಶ್ವವಿದ್ಯಾಲಯವೂ ಅನುಭವಿಸಿತ್ತು. ಅಲ್ಲಿ ಸಾಹಿತ್ಯ, ವಾಸ್ತುಶಿಲ್ಪ, ವ್ಯವಹಾರ ಆಡಳಿತ ಓದುವವರೂ ಪ್ರೋಗ್ರಾಮಿಂಗ್ ಕಲಿಯುವುದು ಕಡ್ಡಾಯವಾಗಿತ್ತು. ಅವರಲ್ಲಿ ಬಹಳಷ್ಟು ಮಂದಿ ನಡುವೆಯೇ ಬಿಟ್ಟುಹೋಗುತ್ತಿದ್ದರು, ಇಲ್ಲವೇ ನಪಾಸಾಗುತ್ತಿದ್ದರು. 2003ರಲ್ಲಿ ಮಾರ್ಕ್ ಗುಜ್ಡಿಯಲ್ ಎಂಬ ಪ್ರಾಧ್ಯಾಪಕರು ಒಂದು ಹೊಸ ಕೋರ್ಸ್ ಆರಂಭಿಸಿದರು. ಲೆಕ್ಕದ ಉದಾಹರಣೆಗಳ ಬದಲು ಫೋಟೋ ಮತ್ತು ಧ್ವನಿಗಳನ್ನು ತಿದ್ದುತ್ತಲೇ ಪ್ರೋಗ್ರಾಮಿಂಗ್ ಕಲಿಸುವ ವಿಧಾನ ಅದು. ಮೊದಲ ತರಗತಿಗೆ ಸೇರಿದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಬಿಟ್ಟುಹೋಗುವವರ ಸಂಖ್ಯೆ ತೀರಾ ಕಡಿಮೆಯಾಯಿತು. ಅಲ್ಲಿ 'ಇಫ್' ಕಲಿಸಲು ಬಳಸಿದ ಪ್ರಸಿದ್ಧ ಉದಾಹರಣೆ ಫೋಟೋದಲ್ಲಿ ಕೆಂಪಾಗಿ ಕಾಣುವ ಕಣ್ಣುಗಳನ್ನು ಸರಿಪಡಿಸುವುದು.

ನಾನೂ ಪುಸ್ತಕ ಮುಚ್ಚಿಟ್ಟೆ. ಮರುದಿನ ಮಕ್ಕಳಿಗೆ ಫೋಟೋ ತರಲು ಹೇಳಿದೆ.

ಕಸೂತಿ ಬಟ್ಟೆಯ ಚೌಕಗಳು

ಫೋಟೋ ಎಂದರೆ ಕಂಪ್ಯೂಟರಿಗೆ ಏನು? ನಮ್ಮಲ್ಲಿ ಕ್ರಾಸ್ ಸ್ಟಿಚ್ ಹಾಕುವವರಿಗೆ ಇದನ್ನು ಹೇಳಿಕೊಡುವುದು ಬಹಳ ಸುಲಭ. ಬಟ್ಟೆಯ ತುಂಬಾ ಪುಟ್ಟ ಪುಟ್ಟ ಚೌಕಗಳು. ಒಂದೊಂದು ಚೌಕಕ್ಕೆ ಒಂದೊಂದು ಬಣ್ಣದ ದಾರ. ಹತ್ತಿರದಿಂದ ನೋಡಿದರೆ ಬರೀ ಚೌಕ, ದೂರದಿಂದ ನೋಡಿದರೆ ಗುಲಾಬಿ ಹೂ. ಡಿಜಿಟಲ್ ಫೋಟೋ ಕೂಡ ಹಾಗೆಯೇ. ಅದರ ಒಂದೊಂದು ಚೌಕವನ್ನು ಪಿಕ್ಸೆಲ್ ಎನ್ನುತ್ತಾರೆ. ನಾವು 'ಚುಕ್ಕೆ' ಎಂದು ಕರೆಯೋಣ. ಅಡ್ಡಕ್ಕೆ 4000, ಉದ್ದಕ್ಕೆ 3000 ಚುಕ್ಕೆಗಳಿರುವ ಒಂದು ಫೋಟೋದಲ್ಲಿ ಒಟ್ಟು 1 ಕೋಟಿ 20 ಲಕ್ಷ ಚುಕ್ಕೆಗಳು. ಮೊಬೈಲ್ ಕೊಳ್ಳುವಾಗ '12 ಮೆಗಾಪಿಕ್ಸೆಲ್' ಎನ್ನುತ್ತಾರಲ್ಲ, ಅದು ಇದೇ ಲೆಕ್ಕ.

ಪ್ರತಿ ಚುಕ್ಕೆಗೂ ಮೂರು ಅಂಕಿಗಳಿರುತ್ತವೆ. ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂದು. ಪ್ರತಿಯೊಂದೂ 0ಯಿಂದ 255ರ ಒಳಗೆ. ಮೂರೂ 0 ಆದರೆ ಕಡುಕಪ್ಪು, ಮೂರೂ 255 ಆದರೆ ಅಚ್ಚ ಬಿಳಿ. ಈ ಮೂರರ ಸರಾಸರಿ ತೆಗೆದರೆ ಆ ಚುಕ್ಕೆ ಎಷ್ಟು ಬೆಳಕಾಗಿದೆ ಎಂಬುದು ಸುಮಾರಾಗಿ ತಿಳಿಯುತ್ತದೆ. ಕಂಪ್ಯೂಟರಿಗೆ ಮುಖವೂ ಗೊತ್ತಿಲ್ಲ, ಗೋಡೆಯೂ ಗೊತ್ತಿಲ್ಲ. ಗೊತ್ತಿರುವುದು ಈ ಅಂಕಿಗಳು ಮಾತ್ರ.

ಹಾಗಾದರೆ ಮೊದಲ 'ರೆ' ಬರೆಯೋಣ:

ಪ್ರತಿಯೊಂದು ಚುಕ್ಕೆಗೂ ಹೀಗೆ ಮಾಡು:
ಸರಾಸರಿ 128ಕ್ಕಿಂತ ಕಡಿಮೆಯಾದರೆ, ಕಪ್ಪು ಮಾಡು;
ಇಲ್ಲವಾದರೆ, ಬಿಳಿ ಮಾಡು.

ಎರಡೇ ಸಾಲಿನ ಷರತ್ತು. ಪೈಥಾನ್ ಎಂಬ ಭಾಷೆಯಲ್ಲಿ ಇದನ್ನು ಬರೆದು ಗುಂಡಿ ಒತ್ತಿದರೆ, ಬಣ್ಣದ ಫೋಟೋ ಝೆರಾಕ್ಸ್ ಪ್ರತಿಯಂತೆ ಕಪ್ಪು-ಬಿಳುಪಾಗುತ್ತದೆ. ಒಂದು ಕೋಟಿ ಇಪ್ಪತ್ತು ಲಕ್ಷ ಸಲ ಅದೇ ಪ್ರಶ್ನೆ, ಅದೇ ಉತ್ತರ, ಒಂದಿಷ್ಟೂ ಬೇಸರವಿಲ್ಲದೆ. ಆಕಳಿಸುತ್ತಿದ್ದ ಮಕ್ಕಳು ಲ್ಯಾಪ್‌ಟಾಪಿನ ಸುತ್ತ ಮುಗಿಬಿದ್ದರು.

ಇಲ್ಲಿ ಒಂದು ಸ್ವಾರಸ್ಯದ ಸಂಗತಿ ಹೇಳಬೇಕು. ಕಂಪ್ಯೂಟರಿನೊಳಗೆ ಸ್ಕ್ಯಾನ್ ಆಗಿ ಹೋದ ಮೊದಲ ಫೋಟೋ ಯಾವುದು ಗೊತ್ತೇ? ಮೂರು ತಿಂಗಳ ಒಂದು ಹಸುಗೂಸಿನದು. 1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ಎಂಬ ಸಂಶೋಧಕರು ತಮ್ಮ ಮಗ ವಾಲ್ಡನ್‌ನ ಫೋಟೋವನ್ನು ಸ್ಕ್ಯಾನ್ ಮಾಡಿದರು. ಅಡ್ಡಕ್ಕೆ 176, ಉದ್ದಕ್ಕೆ 176, ಒಟ್ಟು 30,976 ಚುಕ್ಕೆಗಳು. ಆ ಯಂತ್ರಕ್ಕೆ ತಿಳಿಯುತ್ತಿದ್ದುದು ಕಪ್ಪು ಅಥವಾ ಬಿಳಿ, ಎರಡೇ. ನಡುವಿನ ಬೂದು ಬಣ್ಣ ಬೇಕೆಂದಾಗ, ಗೆರೆ ಎಳೆಯುವ ಅಂಕಿಯನ್ನು ಬದಲಿಸಿ ಬದಲಿಸಿ ಅದೇ ಫೋಟೋವನ್ನು ಹಲವು ಸಲ ಸ್ಕ್ಯಾನ್ ಮಾಡಿ, ಒಂದರ ಮೇಲೊಂದು ಕೂಡಿಸಿದರು. ಅಂದರೆ ಡಿಜಿಟಲ್ ಚಿತ್ರದ ಕಥೆ ಆರಂಭವಾಗುವುದೇ ಒಂದು 'ಆದರೆ'ಯಿಂದ.

ಒಂದೇ ಅಂಕಿ ಎಲ್ಲೆಡೆ ಸಲ್ಲದು

ನಮ್ಮ ಬೀದಿಗಳಿಗೆ ಸಮೀಪದ ಉದಾಹರಣೆಯನ್ನೂ ನೋಡೋಣ. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತು ನಮ್ಮ ಚಾಮರಾಜಪೇಟೆಯಲ್ಲೇ ಇದೆ. ಅಲ್ಲಿ, ಮತ್ತು ಅಂಥ ಎಷ್ಟೋ ಹಳೆಯ ಗ್ರಂಥಾಲಯಗಳಲ್ಲಿ, ಮುಟ್ಟಿದರೆ ಪುಡಿಯಾಗುವಂಥ ಪುಸ್ತಕಗಳಿರುತ್ತವೆ. ಅಂಥ ಪುಸ್ತಕಗಳನ್ನು ಉಳಿಸಬೇಕಾದರೆ ಸ್ಕ್ಯಾನ್ ಮಾಡಬೇಕು. ಸ್ಕ್ಯಾನ್ ಆದ ಪುಟದಿಂದ ಅಕ್ಷರಗಳನ್ನು ಕಂಪ್ಯೂಟರೇ ಓದುವಂತಾಗಬೇಕು. ಮಲ್ಲೇಶ್ವರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ.ಜಿ. ರಾಮಕೃಷ್ಣನ್ ಅವರ ತಂಡ ಮುದ್ರಿತ ಕನ್ನಡವನ್ನು ಹೀಗೆ ಓದುವ 'ಲಿಪಿ ಜ್ಞಾನಿ' ಎಂಬ ತಂತ್ರಾಂಶವನ್ನೇ ರೂಪಿಸಿದೆ.

ಇಂಥ ಓದಿಗೆ ಸಾಮಾನ್ಯವಾಗಿ ಮೊದಲ ಹೆಜ್ಜೆ ನಮ್ಮ ಮಕ್ಕಳು ಬರೆದ ಆ ಷರತ್ತೇ. ಶಾಯಿ ಕಪ್ಪು, ಕಾಗದ ಬಿಳಿ. ಆದರೆ ಹಳೆಯ ಕಾಗದ ಬಿಳಿಯಾಗಿರುವುದಿಲ್ಲವಲ್ಲ! ಅಂಚಿನಲ್ಲಿ ಕಂದು, ಹೊಲಿಗೆಯ ಹತ್ತಿರ ನೆರಳು, ನಡುವೆ ಚಹಾದ ಕಲೆ. ಇಡೀ ಪುಟಕ್ಕೆ 128 ಎಂಬ ಒಂದೇ ಅಂಕಿ ಇಟ್ಟರೆ ಅಂಚಿನ ಕಾಗದವೂ ಶಾಯಿ ಎಂದೇ ತೀರ್ಮಾನವಾಗಿ, ಅಕ್ಷರಗಳು ಕಪ್ಪಿನಲ್ಲಿ ಮುಳುಗಿಹೋಗುತ್ತವೆ. ಅದಕ್ಕೆ ತಜ್ಞರು ಷರತ್ತನ್ನು ಬದಲಿಸುತ್ತಾರೆ. 'ಈ ಚುಕ್ಕೆ ತನ್ನ ಅಕ್ಕಪಕ್ಕದ ಚುಕ್ಕೆಗಳಿಗಿಂತ ಕಪ್ಪಾಗಿದ್ದರೆ' ಎಂದು ಕೇಳುತ್ತಾರೆ. ನೆರಳಿನಲ್ಲಿರುವ ಕಾಗದವನ್ನು ನೆರಳಿನ ಕಾಗದದೊಂದಿಗೇ ಹೋಲಿಸುತ್ತಾರೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಕಾಶ, ಅಂಗಿ ಮತ್ತು ಜರಡಿ

ಮೂರನೆಯ ದಿನ ಮಕ್ಕಳನ್ನು ಟಿಪ್ಪು ಸುಲ್ತಾನರ ಬೇಸಿಗೆ ಅರಮನೆಗೆ ಕರೆದೊಯ್ದೆ. ನಮ್ಮ ಮನೆಯಿಂದ ನಡೆದೇ ಹೋಗಬಹುದು. ಹೈದರಲಿಯವರ ಕಾಲದಲ್ಲಿ ಆರಂಭವಾಗಿ 1791ರಲ್ಲಿ ಟಿಪ್ಪು ಪೂರ್ಣಗೊಳಿಸಿದ ಈ ಅರಮನೆಯ ತೇಗದ ಕಂಬ, ಕಮಾನುಗಳನ್ನು ನೀವೂ ನೋಡಿರಬಹುದು. ಮಕ್ಕಳು ಮನಸಾರೆ ಫೋಟೋ ತೆಗೆದರು. ಮನೆಗೆ ಬಂದ ಮೇಲೆ ನಾನು ಕೊಟ್ಟ ಕೆಲಸ: ಹಗಲಿನ ನೀಲಿ ಆಕಾಶವನ್ನು ಸಂಜೆಯ ಕಿತ್ತಳೆ ಆಕಾಶ ಮಾಡಿ.

'ನೀಲಿಯ ಅಂಕಿ ಕೆಂಪಿಗಿಂತ 20 ಹೆಚ್ಚಿದ್ದರೆ ಕಿತ್ತಳೆ ಮಾಡು, ಇಲ್ಲವಾದರೆ ಇದ್ದ ಹಾಗೆಯೇ ಬಿಡು' ಎಂದು ಬರೆದರು. ಆಕಾಶ ಕಿತ್ತಳೆಯಾಯಿತು. ಜೊತೆಗೆ ಅರಮನೆಯ ಮುಂದೆ ನಿಂತಿದ್ದ ಹುಡುಗನ ನೀಲಿ ಅಂಗಿಯೂ ಕಿತ್ತಳೆಯಾಯಿತು. ಕಂಪ್ಯೂಟರಿನದು ತಪ್ಪಲ್ಲ. 'ಆಕಾಶವಾಗಿದ್ದರೆ' ಎಂದು ನಾವು ಕೇಳಿಯೇ ಇರಲಿಲ್ಲ, 'ನೀಲಿಯಾಗಿದ್ದರೆ' ಎಂದು ಕೇಳಿದ್ದೆವು. ಆಮೇಲೆ ಮಕ್ಕಳೇ ಒಂದು 'ಮತ್ತು' ಸೇರಿಸಿದರು: ನೀಲಿ ಹೆಚ್ಚಿದ್ದರೆ, ಮತ್ತು ಚುಕ್ಕೆ ಫೋಟೋದ ಮೇಲಿನ ಅರ್ಧದಲ್ಲಿದ್ದರೆ. ಝಕಾತಿನ ಎರಡು ಷರತ್ತುಗಳನ್ನು ಬಲ್ಲ ಮಕ್ಕಳಿಗೆ ಈ 'ಮತ್ತು' ಹೇಳಿಕೊಡಬೇಕಾಗಲಿಲ್ಲ.

ಇನ್ನೊಂದು ತಪ್ಪೂ ಆಯಿತು. ಫೋಟೋವನ್ನು ನಾಲ್ಕೇ ಛಾಯೆಗಳಿಗೆ ಇಳಿಸುವಾಗ ಒಬ್ಬಳು ಹೀಗೆ ಬರೆದಳು: 50ಕ್ಕಿಂತ ಹೆಚ್ಚಾದರೆ ಕಡುಬೂದು, ಇಲ್ಲವಾದರೆ, 120ಕ್ಕಿಂತ ಹೆಚ್ಚಾದರೆ ತಿಳಿಬೂದು, ಇಲ್ಲವಾದರೆ, 200ಕ್ಕಿಂತ ಹೆಚ್ಚಾದರೆ ಬಿಳಿ, ಯಾವುದೂ ಇಲ್ಲವಾದರೆ ಕಪ್ಪು. ಫೋಟೋದಲ್ಲಿ ಬಿಳಿಯೇ ಬರಲಿಲ್ಲ! ಕಾರಣ ಸರಳ. 210 ಇರುವ ಚುಕ್ಕೆ 50ಕ್ಕಿಂತಲೂ ಹೆಚ್ಚೇ ತಾನೆ? ಮೊದಲ ಪ್ರಶ್ನೆಗೇ 'ಹೌದು' ಎಂದು ಕಡುಬೂದಾಗಿ ಹೋಯಿತು. ಮುಂದಿನ ಪ್ರಶ್ನೆಗಳವರೆಗೆ ಅದು ತಲುಪಲೇ ಇಲ್ಲ. ಅಡುಗೆಮನೆಯಿಂದ ದೊಡ್ಡ ಕಣ್ಣಿನ ಮತ್ತು ಸಣ್ಣ ಕಣ್ಣಿನ ಎರಡು ಜರಡಿ ತಂದು ತೋರಿಸಿದೆ. ನುಚ್ಚು, ರವೆ, ಹಿಟ್ಟು ಬೇರೆ ಮಾಡಬೇಕಾದರೆ ಯಾವ ಜರಡಿ ಮೊದಲು ಎಂಬುದು ಮುಖ್ಯ. ದೊಡ್ಡದನ್ನು ಮೊದಲು ಹಿಡಿಯುವ ಹಾಗೆ, ಇಲ್ಲಿ 200ರ ಪ್ರಶ್ನೆಯನ್ನು ಮೊದಲು ಕೇಳಬೇಕು. ಪ್ರಶ್ನೆಗಳು ಅವೇ, ಕೇಳುವ ಕ್ರಮ ಬದಲಾದರೆ ಉತ್ತರವೇ ಬದಲು.

ಆ ಗುಂಪು ಫೋಟೋ

ಕೊನೆಯ ವಾರ ಎಲ್ಲರೂ ಸೇರಿ ಒಂದು ಗುಂಪು ಫೋಟೋ ಮಾಡೋಣ ಎಂದುಕೊಂಡೆವು. ಹಾಲ್‌ನ ಕಡುಹಸಿರು ಪರದೆಯ ಮುಂದೆ ಆರೂ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆದೆ. ಪರದೆಯನ್ನು ಅಳಿಸಿ, ಆ ಜಾಗದಲ್ಲಿ ಅರಮನೆಯ ಫೋಟೋ ಕೂರಿಸಬೇಕು. ಟಿವಿಯಲ್ಲಿ ಹವಾಮಾನ ವರದಿ ಹೇಳುವವರ ಹಿಂದೆ ನಕಾಶೆ ಬರುವುದು ಹೀಗೆಯೇ.

ಮಕ್ಕಳು ಪರದೆಯ ಮೇಲೆ ಬೆರಳಿಟ್ಟು ಅಂಕಿ ನೋಡಿದರು. ಕೆಂಪು 20, ಹಸಿರು 60, ನೀಲಿ 35. ಸರಾಸರಿ ಸುಮಾರು 38. "ಪರದೆ ಕಪ್ಪಗಿದೆ ಆಪಾ, ಮುಖಗಳು ಬೆಳ್ಳಗಿವೆ. ಸುಲಭ" ಎಂದರು. ಷರತ್ತು ಬರೆದರು: 'ಸರಾಸರಿ 100ಕ್ಕಿಂತ ಕಡಿಮೆಯಾದರೆ ಅಳಿಸಿ ಅರಮನೆ ಹಾಕು.' ತಮ್ಮ ಭಾಷೆಯಲ್ಲಿ ಅದಕ್ಕೊಂದು ಹೆಸರನ್ನೂ ಇಟ್ಟರು, 'ಕಪ್ಪಾಗಿದ್ದರೆ ಅಳಿಸು'.

ಗುಂಡಿ ಒತ್ತಿದರು. ಪರದೆ ಹೋಯಿತು, ಅರಮನೆ ಬಂತು. ಜೊತೆಗೆ ಎಲ್ಲರ ತಲೆಗೂದಲೂ ಹೋಯಿತು! ಮಕ್ಕಳು ಬಿದ್ದು ಬಿದ್ದು ನಕ್ಕರು. ಒಂದು ಕ್ಷಣ ನಾನೂ ನಕ್ಕೆ. ಆಮೇಲೆ ನಗು ನಿಂತಿತು. ಎಡಗಡೆಯಿಂದ ಎರಡನೆಯವಳು, ಒಂಬತ್ತನೇ ತರಗತಿಯ ಹುಡುಗಿ, ಫೋಟೋದಲ್ಲಿ ಇರಲೇ ಇಲ್ಲ. ಅವಳ ಹಳದಿ ಕಮೀಝ್ ಇತ್ತು, ಬಿಳಿ ದುಪಟ್ಟಾ ಇತ್ತು. ಮುಖವಿರಬೇಕಾದ ಜಾಗದಲ್ಲಿ ಅರಮನೆಯ ತೇಗದ ಕಂಬ ಕಾಣುತ್ತಿತ್ತು.

ಆ ಹುಡುಗಿಯ ಮೈಬಣ್ಣ ಕಪ್ಪು. ಅಳಿಯದೆ ಉಳಿದಿದ್ದ ಮೊದಲ ಫೋಟೋದಲ್ಲಿ ಅವಳ ಕೆನ್ನೆಯ ಅಂಕಿ ನೋಡಿದೆವು. 92, 61, 45. ಸರಾಸರಿ 66. ಷರತ್ತಿನ ಪ್ರಕಾರ ಅವಳೂ ಪರದೆಯೇ.

ಅವಳು ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ದಿನಾ ಕೇಳಿ ಅಭ್ಯಾಸವಾದ ಮಾತನ್ನು ಹೇಳುವವಳಂತೆ, "ಪರವಾಗಿಲ್ಲ ಆಪಾ, ನನ್ನ ಮುಖ ಸ್ವಲ್ಪ ಬೆಳ್ಳಗೆ ಮಾಡಿಬಿಡಿ, ಸರಿಹೋಗುತ್ತೆ. ನಮ್ಮ ಬಾಜಿಯ ಫೋಟೋನೂ ಹಾಗೇ ಮಾಡಿಸಿದ್ದು, ರಿಶ್ತೆಗೆ ಕಳಿಸೋಕೆ" ಎಂದಳು.

"ಆಮೇಲೆ?" ಎಂದು ಕೇಳಿದೆ.

"ಆಮೇಲೆ ಅವರು ಮನೆಗೆ ಬಂದರು. ಬಾಜಿಯನ್ನು ನೋಡಿದರು. ಶರಬತ್ತು ಕುಡಿದು ಹೋದರು. ಫೋನೇ ಮಾಡಲಿಲ್ಲ."

ಸಹೋದರಿಯರೇ, ಹದಿನಾಲ್ಕು ವರ್ಷದ ಮಗುವಿನ ಬಾಯಲ್ಲಿ ಈ ಮಾತು ಕೇಳಿ ನನಗೆ ಉತ್ತರ ತೋಚಲಿಲ್ಲ. ಕಂಪ್ಯೂಟರಿಗೆ ಈ ಮಕ್ಕಳು ಅರಿಯದೆ ಬರೆದುಕೊಟ್ಟ ಷರತ್ತನ್ನು ನಾವು ದೊಡ್ಡವರು ಅರಿತೇ ಬರೆದಿಟ್ಟುಕೊಂಡಿದ್ದೇವೆ ಅಲ್ಲವೇ? ಹುಡುಗಿ ನೋಡಲು ಹೋಗುವ ಮನೆಗಳಲ್ಲಿ, ಮಗು ಹುಟ್ಟಿದ ತಕ್ಷಣ 'ಯಾರ ಬಣ್ಣ ಬಂದಿದೆ' ಎಂದು ಕೇಳುವಲ್ಲಿ, ಫೋಟೋ ಸ್ಟುಡಿಯೋದವನಿಗೆ 'ಸ್ವಲ್ಪ ಫೇರ್ ಮಾಡಿಬಿಡಿ' ಎಂದು ಹೇಳುವಲ್ಲಿ ಇರುವುದು ಇದೇ ಸಾಲು. ಕಪ್ಪಾಗಿದ್ದರೆ ಅಳಿಸು.

ಅಂಕಿಗಳು ಹೇಳಿದ ಸತ್ಯ

"ಮುಖ ಬದಲಿಸುವುದು ಬೇಡ, ಷರತ್ತು ಬದಲಿಸೋಣ" ಎಂದೆ. "ಎಲ್ಲರ ಕೆನ್ನೆಯ ಅಂಕಿಗಳನ್ನೂ ಬರೆದುಕೊಳ್ಳಿ. ನಿಮ್ಮೆಲ್ಲರಲ್ಲೂ ಇರುವುದು, ಪರದೆಯಲ್ಲಿ ಇಲ್ಲದಿರುವುದು ಏನಾದರೂ ಇದೆಯೇ ನೋಡಿ."

ಆರು ಸಾಲು ಅಂಕಿಗಳನ್ನು ಆ ಹುಡುಗಿಯೇ ಬರೆದಳು. ಎಲ್ಲರಿಗಿಂತ ಬೆಳ್ಳಗಿದ್ದ ಹುಡುಗನದು 224, 172, 140. ಅವಳದು 92, 61, 45. ನಡುವೆ ಉಳಿದ ನಾಲ್ವರದು. ಸ್ವಲ್ಪ ಹೊತ್ತು ನೋಡುತ್ತಾ ಕುಳಿತವಳು ತಟ್ಟನೆ ಹೇಳಿದಳು: "ಆಪಾ, ಎಲ್ಲರಲ್ಲೂ ಕೆಂಪೇ ಜಾಸ್ತಿ, ಆಮೇಲೆ ಹಸಿರು, ಕೊನೆಗೆ ನೀಲಿ. ನನ್ನದೂ ಹಾಗೇ ಇದೆ!"

ಹೌದು. ಇದು ಆ ಆರು ಮಕ್ಕಳ ಮಾತಷ್ಟೇ ಅಲ್ಲ. ಸಾಮಾನ್ಯ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಮನುಷ್ಯರ ಚರ್ಮ ಎಷ್ಟೇ ಬಿಳಿಯಿರಲಿ, ಎಷ್ಟೇ ಕಪ್ಪಿರಲಿ, ಈ ಮೂರರ ಕ್ರಮ ಸಾಧಾರಣವಾಗಿ ಒಂದೇ. ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ ಹೆಚ್ಚಿದ್ದರೆ ಅಂಕಿಗಳು ಕೆಳಗಿಳಿಯುತ್ತವೆ, ಕಡಿಮೆಯಿದ್ದರೆ ಮೇಲೇರುತ್ತವೆ. ಆದರೆ ಕೆಂಪು ಮೊದಲು, ನೀಲಿ ಕೊನೆಗೆ ಎಂಬ ಕ್ರಮ ಬದಲಾಗುವುದಿಲ್ಲ. ಸಿನಿಮಾದವರು ನಟರ ಹಿಂದೆ ಹಸಿರು ಅಥವಾ ನೀಲಿ ಪರದೆ ಕಟ್ಟುವುದಕ್ಕೂ ಇದು ಒಂದು ಮುಖ್ಯ ಕಾರಣ. ಯಾರ ಮೈಬಣ್ಣವೂ ಅವುಗಳೊಂದಿಗೆ ಬೆರೆಯುವುದಿಲ್ಲ.

ಅವಳೇ ಹೊಸ ಷರತ್ತು ಬರೆದಳು: 'ಹಸಿರಿನ ಅಂಕಿ ಕೆಂಪಿಗಿಂತ 15 ಹೆಚ್ಚಾಗಿದ್ದರೆ, ಮತ್ತು ನೀಲಿಗಿಂತಲೂ 15 ಹೆಚ್ಚಾಗಿದ್ದರೆ, ಅಳಿಸು. ಇಲ್ಲವಾದರೆ ಮುಟ್ಟಬೇಡ.' ಪರದೆ ಹೋಯಿತು. ಕೂದಲು ಉಳಿಯಿತು. ಆರೂ ಮುಖಗಳು ಇದ್ದ ಬಣ್ಣದಲ್ಲೇ ಅರಮನೆಯ ಮುಂದೆ ನಿಂತವು. ಹಸಿರು ಟೀಶರ್ಟ್ ಹಾಕಿದ್ದ ಒಬ್ಬ ಹುಡುಗನ ಹೊಟ್ಟೆ ಮಾತ್ರ ಮಾಯವಾಗಿತ್ತು. ಅವನು ಮನೆಗೆ ಓಡಿಹೋಗಿ ಬೇರೆ ಅಂಗಿ ಹಾಕಿಕೊಂಡು ಬಂದ, ಇನ್ನೊಂದು ಫೋಟೋ ತೆಗೆದೆವು.

ಅಂಗಿಯನ್ನು ಬದಲಿಸಬಹುದು. ಅಲ್ಲಾಹನು ಕೊಟ್ಟ ಮೈಬಣ್ಣವನ್ನು ಬದಲಿಸು ಎಂದು ಯಾರಿಗೆ ಹೇಳುವುದು? ಹಸಿರು ಅಂಗಿ ಹಾಕಬೇಡ ಎನ್ನುವ ಷರತ್ತಿಗೂ, ಕಪ್ಪಗಿರಬೇಡ ಎನ್ನುವ ಷರತ್ತಿಗೂ ಇರುವ ವ್ಯತ್ಯಾಸ ಅಷ್ಟೇ.

ದೊಡ್ಡ ಯಂತ್ರಗಳಲ್ಲೂ ಅದೇ ತಪ್ಪು

ಇದು ಮಕ್ಕಳಾಟದ ತಪ್ಪು ಎಂದು ತಳ್ಳಿಹಾಕಬೇಡಿ. 2018ರಲ್ಲಿ ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಇಬ್ಬರು ಸಂಶೋಧಕಿಯರು, ಫೋಟೋ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ಮೂರು ದೊಡ್ಡ ಕಂಪೆನಿಗಳ ತಂತ್ರಾಂಶಗಳನ್ನು ಪರೀಕ್ಷಿಸಿದರು. ತಿಳಿಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಶೇ. 0.8ನ್ನು ಮೀರಲಿಲ್ಲ. ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ ಅದು ಶೇ. 34.7ರವರೆಗೂ ಹೋಯಿತು. ಅಂಥ ತಂತ್ರಾಂಶಗಳು ನಮ್ಮ ಮಕ್ಕಳ ಎರಡು ಸಾಲಿನ ಷರತ್ತಿನಂತೆ ಸರಳವಲ್ಲ. ಸಾವಿರಾರು ಫೋಟೋಗಳನ್ನು ನೋಡಿ ತಾವೇ ಷರತ್ತುಗಳನ್ನು ಕಲಿಯುತ್ತವೆ. ಆದರೆ ಈ ಬಗೆಯ ಯಂತ್ರಗಳಿಗೆ ಕಲಿಸಲು, ಪರೀಕ್ಷಿಸಲು ಬಳಸುತ್ತಿದ್ದ ಫೋಟೋಗಳಲ್ಲಿ ಹೆಚ್ಚಿನವು ಬಿಳಿಯರವು. ಯಾರನ್ನು ಕಣ್ಣ ಮುಂದೆ ಇಟ್ಟುಕೊಂಡು ಷರತ್ತು ಬರೆಯುತ್ತೇವೋ ಅವರಿಗೆ ಅದು ಸರಿಹೊಂದುತ್ತದೆ. ಉಳಿದವರು 'ಇಲ್ಲವಾದರೆ'ಯಲ್ಲಿ ಬೀಳುತ್ತಾರೆ.

ಲೆಕ್ಕವನ್ನು ಹಂತ ಹಂತವಾಗಿ ಮಾಡುವ ಕ್ರಮಕ್ಕೆ 'ಅಲ್ಗಾರಿದಮ್' ಎನ್ನುತ್ತಾರೆ. ಒಂಬತ್ತನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಗಣಿತಜ್ಞ ಅಲ್ ಖ್ವಾರಿಝ್ಮಿಯವರ ಹೆಸರೇ ಯುರೋಪಿನವರ ಬಾಯಲ್ಲಿ ಹಾಗಾಯಿತು. ನಾವು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ತಪ್ಪಲ್ಲ. ಆದರೆ ಹೆಮ್ಮೆ ಅಲ್ಲಿಗೇ ನಿಲ್ಲಬಾರದು. ಪ್ರವಾದಿವರ್ಯರು(ಸ) ತಮ್ಮ ವಿದಾಯ ಹಜ್ಜ್‌ನ ವೇಳೆಯ ಪ್ರವಚನದಲ್ಲಿ, ಬಿಳಿಯನಿಗೆ ಕರಿಯನ ಮೇಲೆ ಯಾವ ಹಿರಿಮೆಯೂ ಇಲ್ಲ, ಹಿರಿಮೆ ಇರುವುದು ತಕ್ವಾದಿಂದ ಮಾತ್ರ ಎಂದು ಸಾರಿದರು. ಸೂರಃ ಅರ್ರೂಮ್‌ನ 22ನೇ ವಚನವು ಮನುಷ್ಯರ ಭಾಷೆ ಮತ್ತು ಬಣ್ಣಗಳ ವೈವಿಧ್ಯವನ್ನು ಅಲ್ಲಾಹನ ನಿದರ್ಶನಗಳ ಸಾಲಿನಲ್ಲಿ ಎಣಿಸುತ್ತದೆ. ನಿದರ್ಶನವನ್ನು ನಾವು ದೋಷವೆಂದು ಬಗೆದು ತಿದ್ದಲು ಹೊರಟಿದ್ದೇವೆ.

ನಿಮ್ಮ ಮನೆಯಲ್ಲೂ ಮಾಡಿ ನೋಡಿ

ಇದಕ್ಕೆ ದುಬಾರಿ ಕೋಚಿಂಗ್ ಬೇಕಿಲ್ಲ. ಹಳೆಯ ಲ್ಯಾಪ್‌ಟಾಪ್ ಇದ್ದರೂ ಸಾಕು. ಪೈಥಾನ್ ಮತ್ತು ಅದರಲ್ಲಿ ಫೋಟೋ ತೆರೆಯಲು ಬೇಕಾದ 'ಪಿಲ್ಲೋ' ಎರಡೂ ಉಚಿತ. ಪ್ರೋಗ್ರಾಂ ಬರೆಯಲು ಇನ್ನೂ ಬಾರದ ಚಿಕ್ಕವರಿಗೆ 'ಗಿಂಪ್' ಎಂಬ ಉಚಿತ ತಂತ್ರಾಂಶದಲ್ಲಿ 'ಥ್ರೆಶೋಲ್ಡ್' ಎಂಬ ಸೌಲಭ್ಯವಿದೆ. ಅದರ ಗುಂಡಿಯನ್ನು ಅತ್ತಿತ್ತ ಸರಿಸಿದರೆ, ಕಪ್ಪು-ಬಿಳುಪಿನ ಗೆರೆ ಎಲ್ಲಿ ಬೀಳುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಚೌಕದ ಕಾಗದ, ಬಣ್ಣದ ಪೆನ್ಸಿಲ್ ಸಾಕು. ಹತ್ತು ಚೌಕ ಅಡ್ಡ, ಹತ್ತು ಚೌಕ ಉದ್ದ ಅಂಕಿಗಳನ್ನು ಬರೆದುಕೊಟ್ಟು, ಷರತ್ತಿನಂತೆ ಬಣ್ಣ ತುಂಬಲು ಹೇಳಿ. ಇನ್ನೊಬ್ಬರ ಫೋಟೋ ಬಳಸುವುದಾದರೆ ಅವರ ಒಪ್ಪಿಗೆ ಕೇಳುವುದನ್ನು ಮಕ್ಕಳಿಗೆ ಮೊದಲ ದಿನವೇ ಕಲಿಸಿ. ಈ ಕೆಲಸಕ್ಕೆ ಇಂಟರ್‌ನೆಟ್‌ಗೆ ಫೋಟೋ ಹಾಕುವ ಅಗತ್ಯವೇ ಇಲ್ಲ.

ಮಗು ಒಂದು ಷರತ್ತು ಬರೆದಾಗಲೆಲ್ಲ ಮೂರು ಪ್ರಶ್ನೆ ಕೇಳಿ. ನೀನು ನಿಜವಾಗಿ ಏನನ್ನು ಪರೀಕ್ಷಿಸುತ್ತಿದ್ದೀಯ, ಆಕಾಶವನ್ನೋ, ನೀಲಿಯನ್ನೋ? ಈ ಅಂಕಿಯನ್ನು ಇಟ್ಟವರು ಯಾರು, ಯಾಕೆ? 'ಇಲ್ಲವಾದರೆ'ಯಲ್ಲಿ ಯಾರು ಉಳಿದರು? ಈ ಮೂರನ್ನು ಕೇಳಿಕೊಳ್ಳುವ ಮಗು ಒಳ್ಳೆಯ ಪ್ರೋಗ್ರಾಮರ್ ಆಗುತ್ತದೆ. ಆಗದಿದ್ದರೂ, ನಾಳೆ ಸೊಸೆ ತರುವಾಗ, ಕೆಲಸಕ್ಕೆ ಜನ ಆರಿಸುವಾಗ, ನ್ಯಾಯವಾಗಿ ನಡೆದುಕೊಳ್ಳುವ ಮನುಷ್ಯನಾಗುತ್ತದೆ, ಇನ್‌ಶಾ ಅಲ್ಲಾಹ್.

ರಜೆ ಮುಗಿಯುವ ಮುನ್ನ ಆ ಹುಡುಗಿಯ ತಾಯಿ ನಮ್ಮ ಮನೆಗೆ ಬಂದಿದ್ದರು. ಗುಂಪು ಫೋಟೋವನ್ನು ಬಹಳ ಹೊತ್ತು ನೋಡಿದರು. ಹೋಗುವಾಗ, "ನಮ್ಮ ದೊಡ್ಡವಳದ್ದೂ ಒಂದು ಫೋಟೋ ತೆಗೆದುಕೊಡ್ತೀರಾ? ಏನೂ ಮಾಡೋದು ಬೇಡ, ಹೇಗಿದ್ದಾಳೋ ಹಾಗೇ" ಎಂದರು.

ತೆಗೆದುಕೊಟ್ಟಿದ್ದೇನೆ. ಫೋಟೋ ಹಾಗೆಯೇ ಹೋಗಿದೆ. ಅದನ್ನು ನೋಡುವ ಮನೆಯವರ ಮನಸ್ಸಿನ ಷರತ್ತನ್ನು ಅಲ್ಲಾಹನು ನೇರಗೊಳಿಸಲಿ. ನಮ್ಮದನ್ನೂ. ಆಮೀನ್.